ಬೆಟ್ಟದ ಎರಡೂ ಕಡೆಯಿಂದ: ಸಾಮೋಸ್‌ನ ಸುರಂಗ

ಗ್ರೀಸಿನ ಸಾಮೋಸ್ ದ್ವೀಪಕ್ಕೆ ಬರುವ ಗಣಿತಪ್ರಿಯರೆಲ್ಲ ಪೈಥಾಗರಸ್‌ನ ಬೆನ್ನು ಹತ್ತಿ ಬರುತ್ತಾರೆ. ಊರಿನ ಹೆಸರೇ ಪೈಥಾಗೊರಿಯೊ. 1955ರವರೆಗೆ ಅದು ಟಿಗಾನಿ ಆಗಿತ್ತು. ದಕ್ಕೆಯ ತುದಿಯಲ್ಲಿ ಅವನ ವಿಗ್ರಹವಿದೆ. ವಾಲಿ ನಿಂತ ಕಂಬ, ಎದುರಿಗೆ ನೆಟ್ಟಗೆ ನಿಂತ ಪೈಥಾಗರಸ್, ಎರಡೂ ಸೇರಿ ಒಂದು ಲಂಬಕೋನ ತ್ರಿಭುಜ. ಫೋಟೊಗೆ ಚೆನ್ನ, ಅಷ್ಟೆ. ಅವನು ಕ್ರಿ.ಪೂ. 530ರ ಸುಮಾರಿಗೆ ಈ ದ್ವೀಪ ಬಿಟ್ಟು ಇಟಲಿಯ ಕ್ರೊಟೋನ್‌ಗೆ ಹೋದವನು, ಅವನು ಬರೆದ ಒಂದಕ್ಷರವೂ ಉಳಿದಿಲ್ಲ. ಕರ್ಣದ ಪ್ರಮೇಯವಂತೂ ಅವನಿಗಿಂತ ಸಾವಿರ ವರ್ಷಕ್ಕೂ ಹಿಂದೆ ಬ್ಯಾಬಿಲೋನಿನವರ ಜೇಡಿಮಣ್ಣಿನ ಹಲಗೆಗಳಲ್ಲಿ ಲೆಕ್ಕವಾಗಿ ಓಡಾಡುತ್ತಿತ್ತು. ಇಲ್ಲಿ ನೋಡಬೇಕಾದ್ದು ಊರಿನ ಹಿಂದಿನ ಬೆಟ್ಟದ ಒಳಗಿದೆ.

ಅದಕ್ಕೆ ಮೊದಲು ಮಿಲೇಟಸ್. ಟರ್ಕಿಯ ಕರಾವಳಿಯ ಈ ಊರು ಹಳೆಯ ಗ್ರೀಕ್ ಗಣಿತಜ್ಞ ಥೇಲಿಸ್‌ನದು, ಕ್ರಿ.ಪೂ. 585ರ ಗ್ರಹಣವನ್ನು ಮೊದಲೇ ಹೇಳಿದನೆಂದು ಖ್ಯಾತನಾದವನು. ಕ್ರಿ.ಪೂ. 494ರಲ್ಲಿ ಪರ್ಷಿಯನ್ನರು ಊರನ್ನು ನೆಲಸಮ ಮಾಡಿದರು. ಈಗ ಕಾಣುವ ದೊಡ್ಡ ರಂಗಮಂದಿರ, ಸ್ನಾನಗೃಹ ಎಲ್ಲ ಆಮೇಲಿನವು. ಥೇಲಿಸ್ ಕಂಡ ಸಮುದ್ರವೂ ಇಲ್ಲ. ಮೆಂಡೆರೆಸ್ ನದಿ ತಂದು ಸುರಿದ ಮಣ್ಣಿನಿಂದ ಬಂದರು ಹೂತು, ಅಲ್ಲೀಗ ಹತ್ತಿ ಹೊಲ. ದಡದಲ್ಲಿ ನಿಂತು ಹಡಗಿನ ದೂರವನ್ನು ಥೇಲಿಸ್ ಲೆಕ್ಕ ಹಾಕುತ್ತಿದ್ದನಂತೆ. ಹೇಗಿದ್ದಿರಬಹುದೆಂದು ವಿದ್ವಾಂಸರು ಊಹಿಸಿದ ಕ್ರಮಗಳಲ್ಲೊಂದನ್ನು ಹೊಲದಲ್ಲೂ ಮಾಡಿ ನೋಡಬಹುದು. ದೂರದ ಮರವೊಂದನ್ನು ಹಡಗೆಂದುಕೊಂಡು ಅದಕ್ಕೆ ನೇರ ಎದುರಿಗೆ ಒಂದು ಗೂಟ ಹೊಡೆಯಿರಿ. ಲಂಬಕೋನದಲ್ಲಿ ಪಕ್ಕಕ್ಕೆ ಇಪ್ಪತ್ತು ಹೆಜ್ಜೆ ನಡೆದು ಎರಡನೆಯದು, ಅದೇ ಸಾಲಿನಲ್ಲಿ ಇನ್ನಿಪ್ಪತ್ತು ಹೆಜ್ಜೆಗೆ ಮೂರನೆಯದು. ಅಲ್ಲಿಂದ ಮರಕ್ಕೆ ಬೆನ್ನು ಹಾಕಿ, ಮತ್ತೆ ಲಂಬಕೋನದಲ್ಲಿ ಹಿಂದಕ್ಕೆ ನಡೆಯಿರಿ. ನಡುವಿನ ಗೂಟವೂ ಮರವೂ ಒಂದೇ ನೇರಕ್ಕೆ ಬಂದ ಕಡೆ ನಿಂತರೆ, ನೀವು ಹಿಂದಕ್ಕೆ ನಡೆದಷ್ಟೇ ಮರದ ದೂರ. ಲಂಬಕೋನ ತುಸು ಸೊಟ್ಟಗಾದರೂ ಉತ್ತರ ಕೆಡುತ್ತದೆ.

ಮಿಲೇಟಸ್‌ನಿಂದ ಸಾಮೋಸ್‌ಗೆ ಹೋಗುವುದು ಕುಶಾದಸಿಯ ದೋಣಿಯಲ್ಲಿ. ದೋಣಿ ಬೇಸಗೆಯಲ್ಲಷ್ಟೇ ನೆಚ್ಚಿಕೊಳ್ಳುವಂಥದ್ದು. ಭಾರತದ ಪಾಸ್‌ಪೋರ್ಟ್‌ನವರು ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು: ಸಾಮೋಸ್‌ನಿಂದ ಟರ್ಕಿಗೆ ದಾಟಿದಿರೆಂದರೆ ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡುವ ಯುರೋಪಿನ ದೇಶಗಳ ವಲಯ, ಬಿಟ್ಟಂತೆ. ವೀಸಾದಲ್ಲಿ ಒಂದೇ ಪ್ರವೇಶ ಇದ್ದರೆ ಮತ್ತೆ ಅಥೆನ್ಸ್ ವಿಮಾನ ಹತ್ತಲು ದ್ವೀಪಕ್ಕೆ ಕಾಲಿಡುವಂತಿಲ್ಲ. ಅಥೆನ್ಸ್, ಸಾಮೋಸ್, ಮಿಲೇಟಸ್, ಮರಳಿ ಸಾಮೋಸ್ ಎಂದು ಚೆಂದವಾಗಿ ಪಟ್ಟಿ ಮಾಡಿಕೊಟ್ಟ ಏಜೆಂಟರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಪಟ್ಟಿ ತಿರುವುಮುರುವಾಗಿ, ಮಿಲೇಟಸ್ ಮೊದಲಿಗೆ ಬಂದದ್ದು, ವಾಪಸಾಗದ ಟಿಕೆಟ್ ಹಣ ಹೋದದ್ದು ಇದರಿಂದಲೇ. ಎರಡು ಪ್ರವೇಶದ ವೀಸಾ ಕೇಳಿ, ಇಲ್ಲವೇ ಟರ್ಕಿಯನ್ನು ಮೊದಲು ಮುಗಿಸಿ.

ಸುರಂಗದ ವಿಷಯಕ್ಕೆ ಬರೋಣ. ಬೆಟ್ಟದಾಚೆ ಅಗಿಯಾದೆಸ್ ಎಂಬಲ್ಲಿ ಒರತೆ, ಬೆಟ್ಟದ ಈಚೆ ಊರು. ಹೊರಗೆ ಕಾಲುವೆ ತೆಗೆದರೆ ಶತ್ರುಗಳು ಕಡಿದುಹಾಕುತ್ತಾರೆ. ಹಾಗಾಗಿ ಕ್ರಿ.ಪೂ. 6ನೇ ಶತಮಾನದಲ್ಲಿ ಮೆಗರಾದ ಯುಪಲಿನೋಸ್ ಎಂಬವನು ಬೆಟ್ಟವನ್ನು ಎರಡೂ ಕಡೆಯಿಂದ ಕೊರೆಸಿದ. ಉದ್ದ 1036 ಮೀಟರ್, ಅಗಲ ಎತ್ತರ ಎರಡೂ ಸುಮಾರು 1.8 ಮೀಟರ್. ಸುತ್ತಿಗೆ, ಉಳಿ ಬಿಟ್ಟರೆ ಬೇರೆ ಸಾಧನವಿಲ್ಲ. ರೇಖಾಗಣಿತವನ್ನು ಪುಸ್ತಕದಲ್ಲಿ ಕ್ರಮವಾಗಿ ಜೋಡಿಸಿದ ಯೂಕ್ಲಿಡ್ ಹುಟ್ಟಲು ಇನ್ನೂ ಇನ್ನೂರು ವರ್ಷ ಬಾಕಿ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇದನ್ನು ಗ್ರೀಕರ ಮೂರು ಮಹಾಕಾಮಗಾರಿಗಳಲ್ಲಿ ಒಂದೆಂದು ಬರೆದ. ಮೂರೂ ಇದೇ ದ್ವೀಪದವು.

ದಕ್ಷಿಣದ ಬಾಯಿಯಲ್ಲಿ ಕೊಡುವ ಹೆಲ್ಮೆಟ್ ಬೇಡವೆನ್ನಬೇಡಿ. ಕಡಿದಾದ ಮೆಟ್ಟಿಲು ಇಳಿದ ಕೂಡಲೇ ಕಲ್ಲುಕಟ್ಟಡದ ಇಕ್ಕಟ್ಟಾದ ಓಣಿ. ಬೆನ್ನಿನ ಚೀಲ ಎದೆಗೆ ತಂದುಕೊಳ್ಳದಿದ್ದರೆ ಸಿಕ್ಕಿಕೊಳ್ಳುತ್ತದೆ. ಅದು ದಾಟಿದರೆ ತಲೆಯೆತ್ತಿ ನಡೆಯುವಷ್ಟು ಜಾಗ. ಟಿಕೆಟ್ ಕೊಳ್ಳುವಾಗ ಪೂರ್ತಿ ಉದ್ದದ ಹಾದಿಯನ್ನೇ ಕೇಳಿ. ಅರ್ಧಕ್ಕೆ ತಿರುಗಿದವರಿಗೆ ಕಾಣುವುದು ನೇರವಾದ ಭಾಗ ಮಾತ್ರ. ಸ್ವಾರಸ್ಯವೆಲ್ಲ ಸೊಟ್ಟಗಿರುವ ಕಡೆ.

ನೇರ ಭಾಗದಲ್ಲೇ ನಮ್ಮ ಗುಂಪು ಬಹಳ ಹೊತ್ತು ನಿಂತಿತು. ಗುಂಪಿನಲ್ಲಿದ್ದ ನಿವೃತ್ತ ಸರ್ವೇಯರ್ ಒಬ್ಬರು ಗೈಡ್ ಹೆಂಗಸನ್ನು ಬಿಡಲಿಲ್ಲ. "ಹೀರೋ ಹೇಳಿದ ವಿಧಾನ ತಾನೇ?" ಎಂದರು. ಅಲೆಕ್ಸಾಂಡ್ರಿಯಾದ ಹೀರೋ ಕ್ರಿ.ಶ. ಮೊದಲ ಶತಮಾನದವನು. ಅವನ ವಿಧಾನ ಹೀಗೆ: ಒಂದೇ ಮಟ್ಟ ಕಾಯ್ದುಕೊಂಡು, ಪ್ರತಿ ತಿರುವೂ ಲಂಬಕೋನವಾಗುವಂತೆ ಬೆಟ್ಟ ಸುತ್ತಬೇಕು. ಪೂರ್ವ-ಪಶ್ಚಿಮದ ತುಂಡುಗಳನ್ನು ಬೇರೆ, ಉತ್ತರ-ದಕ್ಷಿಣದವನ್ನು ಬೇರೆ ಕೂಡಿ ಕಳೆದರೆ ದೊಡ್ಡ ಲಂಬಕೋನ ತ್ರಿಭುಜವೊಂದರ ಎರಡು ಬಾಹು ಸಿಗುತ್ತವೆ. ಅದೇ ಪ್ರಮಾಣದ ಸಣ್ಣ ತ್ರಿಭುಜವನ್ನು ಎರಡೂ ಬಾಯಿಗಳ ಮುಂದೆ ನೆಲದ ಮೇಲೆ ಎಳೆದರೆ, ಅದರ ಕರ್ಣವೇ ಕೊರೆಯಬೇಕಾದ ದಿಕ್ಕು.

"ಪುಸ್ತಕದಲ್ಲಿ ಸೊಗಸಾಗಿದೆ. ಆದರೆ ಆರು ನೂರು ವರ್ಷ ಆಮೇಲೆ ಬಂದವನ ಮಾತು ಅದು," ಎಂದರು ಆಕೆ. "ಈ ಇಳಿಜಾರಿನಲ್ಲಿ ಅಷ್ಟೊಂದು ತಿರುವು ಹಾಕಿದರೆ ತಪ್ಪು ಎಷ್ಟಾದೀತು, ನೀವೇ ಹೇಳಿ."

ಸರ್ವೇಯರ್ ಅಲ್ಲೇ ಲೆಕ್ಕ ಹಾಕಿದರು. ದಿಕ್ಕು ಅರ್ಧ ಡಿಗ್ರಿ ತಪ್ಪಿದರೂ 500 ಮೀಟರ್ ಒಳಗೆ ಹೋಗುವಷ್ಟರಲ್ಲಿ 4 ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. 1.8 ಮೀಟರ್ ಅಗಲದ ಎರಡು ಬಿಲಗಳು ಒಂದನ್ನೊಂದು ದಾಟಿಹೋಗಲು ಅಷ್ಟು ಸಾಕು. "ಹಾಗಾದರೆ ಬೆಟ್ಟದ ಮೇಲೆ ಹತ್ತಿದ," ಎಂದು ತಾವೇ ಒಪ್ಪಿಕೊಂಡರು. ಸಾಲಾಗಿ ಕೋಲು ನೆಟ್ಟು, ಪ್ರತಿಯೊಂದನ್ನೂ ಹಿಂದಿನ ಎರಡರ ನೇರಕ್ಕೆ ತಂದು, ನೆತ್ತಿ ದಾಟಿ ಆಚೆ ಇಳಿಯುವುದು. ಇಡೀ ಕಾಮಗಾರಿಯನ್ನು ಅಳೆದು ಅಧ್ಯಯನ ಮಾಡಿದ ಜರ್ಮನಿಯ ಹರ್ಮನ್ ಕೀನಾಸ್ಟ್ ಕೂಡ ಇದನ್ನೇ ಎತ್ತಿಹಿಡಿದವರು. ದಿಕ್ಕು ಇದರಿಂದ ಸಿಗುತ್ತದೆ, ಮಟ್ಟ ಸಿಗುವುದಿಲ್ಲ. ಎರಡೂ ಬಾಯಿ ಸಮುದ್ರಮಟ್ಟದಿಂದ ಸುಮಾರು 55 ಮೀಟರ್ ಎತ್ತರದಲ್ಲಿ ಒಂದೇ ಸಮಕ್ಕಿರುವುದು ಹೇಗೆಂಬುದಕ್ಕೆ ಆ ಮಧ್ಯಾಹ್ನ ಇಬ್ಬರಲ್ಲೂ ಒಮ್ಮತ ಬರಲಿಲ್ಲ.

ಗೋಡೆಯ ಮೇಲೆ ಅಲ್ಲಲ್ಲಿ ಕೆಂಪು ಬಣ್ಣದ ಅಕ್ಷರಗಳು, ಮಟ್ಟದ ಗೆರೆಯ ತುಂಡುಗಳು ಈಗಲೂ ಇವೆ. ಅಕ್ಷರಗಳು ದೂರದ ಗುರುತು. ನಮ್ಮ ಮೇಸ್ತ್ರಿಗಳು ಗೋಡೆಗೆ ದಾರ ಹೊಡೆದು ಬಿಡುವ ಗುರುತಿನಂತೆಯೇ, ಕೆಲಸದವರು ಕೆಲಸದವರಿಗಾಗಿ ಬರೆದದ್ದು.

ಉತ್ತರದ ಅರ್ಧದಲ್ಲಿ ಬಂಡೆ ಸಡಿಲವಾಗಿ, ನೀರು ಕೆಸರು ನುಗ್ಗಿತು. ಯುಪಲಿನೋಸ್ ನೇರ ಹಾದಿ ಬಿಟ್ಟು ಪಶ್ಚಿಮಕ್ಕೆ ತಿರುಗಿದ. ಹಾದಿ ಬಿಟ್ಟವನು ಕತ್ತಲೆಯಲ್ಲಿ ಮೊದಲಿನ ಗೆರೆಗೆ ಮರಳುವುದು ಹೇಗೆ? ಎಷ್ಟು ಕೋನದಲ್ಲಿ, ಎಷ್ಟು ದೂರ ಹೊರಗೆ ಹೋದನೋ, ಅಷ್ಟೇ ಕೋನದಲ್ಲಿ ಅಷ್ಟೇ ದೂರ ವಾಪಸ್ ಬಂದರಾಯಿತು. ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ ಎನ್ನುವ, ಥೇಲಿಸ್‌ನದೆಂದು ಪರಂಪರೆ ಹೇಳುವ ಪ್ರಮೇಯವೇ ಇಲ್ಲಿ ಕಲ್ಲಿನಲ್ಲಿ ಕೊರೆದು ಬಿದ್ದಿದೆ. ಅಳತೆಯಲ್ಲಿ ಕೊಂಚ ತಪ್ಪಿ, ಮರಳಿದ ಹಾದಿ ಕರಾರುವಾಕ್ಕಾಗಿ ಕೂಡಲಿಲ್ಲ.

ಅದಕ್ಕೂ ಅವನಲ್ಲಿ ಉಪಾಯವಿತ್ತು. ಎರಡು ಸುರಂಗಗಳು ಸಮಾಂತರವಾಗಿ ಅಕ್ಕಪಕ್ಕ ಸಾಗಿದರೆ ಎಂದೂ ಸೇರವು. ಕೊನೆಯ ಹಂತದಲ್ಲಿ ಬೇಕೆಂದೇ ಎರಡನ್ನೂ ವಾಲಿಸಿದರೆ ಒಂದು ಇನ್ನೊಂದನ್ನು ಕಡಿಯಲೇಬೇಕು. ಮೇಲೆ ಕೆಳಗೆ ತಪ್ಪಿ ಹೋಗದಿರಲೆಂದು ಒಂದು ಕಡೆ ಚಾವಣಿ ಎತ್ತರಿಸಿದ, ಇನ್ನೊಂದು ಕಡೆ ನೆಲ ತಗ್ಗಿಸಿದ. ಮಟ್ಟದ ಲೆಕ್ಕ ಸರಿಯಾಗಿದ್ದರಿಂದ ಆ ಕೊನೆಯ ಎಚ್ಚರಿಕೆ ಬೇಕಾಗಲೇ ಇಲ್ಲ. ಕೂಡುವಲ್ಲಿನ ತಿರುವು ಎಷ್ಟು ಚೂಪಾಗಿದೆಯೆಂದರೆ, ಮುಂದೆ ಹೋದವರ ಹೆಲ್ಮೆಟ್ ಒಮ್ಮೆಗೇ ಮರೆಯಾಗುತ್ತದೆ.

ನೀರು ಹರಿದದ್ದು ಈ ನಡೆದಾಡುವ ನೆಲದ ಮೇಲಲ್ಲ. ಪೂರ್ವದ ಬದಿಗೆ ತೋಡಿದ ಪ್ರತ್ಯೇಕ ಕಾಲುವೆಯೊಂದು ಉತ್ತರದಲ್ಲಿ ಸುಮಾರು 4 ಮೀಟರ್, ದಕ್ಷಿಣದಲ್ಲಿ ಅದರ ಎರಡರಷ್ಟು ಆಳವಿದೆ. ಸುರಂಗ ಸಮತಟ್ಟು, ಕಾಲುವೆಗೆ ಮಾತ್ರ ಇಳಿಜಾರು. ಎರಡನ್ನೂ ಒಂದೇ ಏಟಿಗೆ ಮಾಡಹೊರಟಿದ್ದರೆ ದಿಕ್ಕಿನ ಜೊತೆ ಇಳಿಜಾರನ್ನೂ ಕತ್ತಲೆಯಲ್ಲಿ ಸಂಭಾಳಿಸಬೇಕಿತ್ತು. ತಳದಲ್ಲಿ ಸುಮಾರು 72 ಸೆಂಟಿಮೀಟರ್ ಉದ್ದದ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರೊಳಗೊಂದು ಕೂರಿಸಿ, ಸಂದಿಗೆ ಸುಣ್ಣದ ಗಾರೆ ಮೆತ್ತಿದ್ದರು. ಆದರೂ ಹೂಳು ಕಟ್ಟಿತು. ಕೊಳವೆಗಳ ಮೇಲ್ಭಾಗ ಒಡೆದು, ಕೈಹಾಕಿ ಕೆಸರು ಬಾಚಿ, ಮತ್ತೆ ನೀರು ಬಿಡುತ್ತಾ ಸಾವಿರ ವರ್ಷ ದೂಡಿದರು. 1882ರಲ್ಲಿ ದ್ವೀಪದವರು ಇದನ್ನು ಅಗೆದು ಚೊಕ್ಕಟ ಮಾಡಿ ಊರಿಗೆ ಮತ್ತೆ ನೀರು ತರಲು ಹೊರಟು, ಅರ್ಧಕ್ಕೆ ಕೈಬಿಟ್ಟರು.