ಹುತ್ತದ ಅಣಬೆಗೆ ಗುದ್ದಲಿ ಬೇಡ

ಅಣಬೆ ಕೀಳಲು ಗುದ್ದಲಿ ಹಿಡಿದು ಹೊರಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಬೆಟ್ಟದಲ್ಲಿ ಪ್ರತಿ ಮಳೆಗಾಲ ಗೆದ್ದಲಿನ ಗೂಡಿನಿಂದ ಹೆಗ್ಗಾಲಣಬೆ ಏಳುವ ಜಾಗವನ್ನು ಈ ವರ್ಷ ಯಾರೋ ಮೊಣಕಾಲುದ್ದ ಅಗೆದು ಹೋಗಿದ್ದಾರೆ. ಗುಂಡಿಯ ಅಂಚಿನಲ್ಲಿ ಗೆದ್ದಲಿನ ತೋಟ ಚೂರುಚೂರಾಗಿ ಬಿದ್ದಿತ್ತು.

ನಿಜಕ್ಕೂ ಅದು ತೋಟವೇ. ಉದುರಿದ ಎಲೆ, ಒಣ ಸೌದೆ ತಿಂದ ಗೆದ್ದಲು ತನ್ನ ಹಿಕ್ಕೆಯಿಂದಲೇ ನೆಲದೊಳಗೆ ತೂತು ತೂತಾದ ಉಂಡೆ ಕಟ್ಟುತ್ತದೆ. ಅದರ ಮೇಲೆ ಬೆಳೆಯುವ ಶಿಲೀಂಧ್ರ ಮರದ ಗಟ್ಟಿ ನಾರನ್ನು ಕರಗಿಸಿ, ಹುಳುವಿಗೆ ಅರಗುವಂತೆ ಮಾಡಿಕೊಡುತ್ತದೆ. ಉಂಡೆಯ ಮೇಲಿನ ಚಿಕ್ಕ ಬಿಳಿ ಮಣಿಗಳನ್ನೂ ಹುಳುಗಳು ತಿನ್ನುತ್ತವೆ. ಮಳೆಗಾಲದಲ್ಲಿ ಅದೇ ಶಿಲೀಂಧ್ರ ಅಣಬೆಯಾಗಿ ನೆಲದ ಮೇಲೆ ಏಳುತ್ತದೆ. ಮನುಷ್ಯನಿಗಿಂತ ಕೋಟಿ ವರ್ಷಗಳ ಮೊದಲೇ ಶುರುವಾದ ಬೇಸಾಯ ಇದು. ಫ್ರಾನ್ಸಿನ ವಿಜ್ಞಾನಿ ರೋಜೆ ಹೈಮ್ 1942ರಲ್ಲಿ ಈ ಅಣಬೆಗಳ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು. ಬಟನ್ ಅಣಬೆಯಂತೆ ಶೆಡ್ಡಿನಲ್ಲಿ ಇದನ್ನು ಬೆಳೆದು ಮಾರುವವರಿಲ್ಲ. ಗೆದ್ದಲು ಬೆಳೆದರೆ ಮಾತ್ರ ನಮಗುಂಟು.

ಆರಿದ್ರಾ ಮಳೆಯ ನಡುವೆ ಗುಡುಗಿದ ಮರುದಿನ ನಮ್ಮ ಅತ್ತೆ ಬುಟ್ಟಿ ಹಿಡಿಯುತ್ತಿದ್ದರು. ಮೊದಲು ಕಾಣುವುದು ದರಗಿನಡಿ ಸಣ್ಣಗೆ ಬಿರಿದ ಮಣ್ಣು, ಬಿರುಕಿನಲ್ಲಿ ಕಂದು ಬಣ್ಣದ ಚೂಪು ಮೊನೆ. ಆ ಮೊನೆ ಉಗುರಿಗೂ ಗಟ್ಟಿ. ಮಣ್ಣು ಸೀಳಿ ಬರಬೇಕಲ್ಲ. ಕೊಡೆ ಅರಳಿದ ಮೇಲೆ ಅಂಚು ಸೀಳುತ್ತದೆ, ಅಡಿಯ ಬಿಳಿ ಎಸಳು ತಿಳಿ ಗುಲಾಬಿಗೆ ತಿರುಗುತ್ತದೆ. ಕಾಂಡವೋ ಬೇರಿನಂತೆ ಸಪೂರವಾಗುತ್ತ ಕೆಳಗೆ ಗೂಡಿನವರೆಗೆ ಇಳಿದಿರುತ್ತದೆ. “ಎಳೆಯಬೇಡ ಮಾರಾಯ್ತಿ, ಬುಡ ಹಿಡಿದು ಮೆಲ್ಲಗೆ ತಿರುಚು” ಎನ್ನುತ್ತಿದ್ದರು ಅತ್ತೆ. ತಿರುಚಿದರೆ ಟಕ್ಕೆಂದು ಮುರಿದು ಕೈಗೆ ಬರುತ್ತದೆ. ಉಳಿದ ಬೇರು ಅಲ್ಲೇ ಇರಲಿ, ಅದರಲ್ಲಿ ತಿನ್ನುವಂಥದ್ದೇನೂ ಇಲ್ಲ. ಪೂರ್ತಿ ಅರಳಿ ಹುಳು ಹತ್ತಿದ್ದನ್ನು ಅವರು ಮುಟ್ಟುತ್ತಿರಲಿಲ್ಲ.

ಇದೇ ಕುಲದ ಪುಟಾಣಿ ನುಚ್ಚಣಬೆಗಂತೂ ಮುರಿಯುವ ಕೆಲಸವೂ ಇಲ್ಲ. ಗೆದ್ದಲೇ ಉಂಡೆಯ ಚೂರುಗಳನ್ನು ಹೊರಗೆ ತಂದು ಹರಡಿರುತ್ತದೆ, ನೆಲದ ಮೇಲೆಲ್ಲ ಬಿಳಿ ನುಚ್ಚು ಚೆಲ್ಲಿದಂತೆ ಎದ್ದಿರುತ್ತದೆ. ಮಣ್ಣು ಬಿಡಿಸುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ. ಆದರೂ ಕಾಯಿ, ಹುರಿದ ಕೊತ್ತಂಬರಿ ಅರೆದು ಮಾಡಿದ ಅದರ ಸಾರಿಗೆ ಬಿಸಿ ಕಡುಬು ಇದ್ದರೆ ನನಗೆ ಬೇರೇನೂ ಬೇಡ.

ಮೊನ್ನೆ ತಂಗಿಯ ಮಗಳು ಶಿವಮೊಗ್ಗದಿಂದ ಫೋಟೊ ಕಳಿಸಿದಳು. ಉದ್ಯಾನದ ಹುಲ್ಲಿನಲ್ಲಿ ದೊಡ್ಡ ಬಿಳಿ ಅಣಬೆಗಳು. “ದೊಡ್ಡಮ್ಮ, ಅರಿಶಿನ ಹಾಕಿ ಬೇಯಿಸಿ ನೋಡಲಾ?” ಬೇಡವೇ ಬೇಡ ಎಂದೆ. ಅರಿಶಿನ, ಬೆಳ್ಳಿ ಚಮಚ, ಬೆಳ್ಳುಳ್ಳಿ ಯಾವುದೂ ವಿಷವನ್ನು ತೋರಿಸಿಕೊಡುವುದಿಲ್ಲ. ಕೆಲವು ಮಾರಕ ಅಣಬೆಗಳ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಹುಲ್ಲುಹಾಸಿನಲ್ಲಿ ಏಳುವ ಒಂದು ಜಾತಿಯ ಎಸಳು ಬಲಿತಾಗ ಹಸಿರಾಗುತ್ತದೆ. ತಿಂದವರಿಗೆ ವಾಂತಿ, ಭೇದಿ. ಎಳೆಯದಿದ್ದಾಗ ಅದೂ ಬರೀ ಬಿಳಿ. ಹಾಗಾಗಿ ಫೋಟೊ ನೋಡಿ “ತಿನ್ನಬಹುದು” ಎಂದು ನಾನು ಯಾರಿಗೂ ಹೇಳುವುದಿಲ್ಲ. ಮುಂದಿನ ಆರಿದ್ರಾಕ್ಕೆ ಇಲ್ಲಿಗೇ ಬಾ, ಹುತ್ತದ ಬಳಿ ಕೂರಿಸಿ ತೋರಿಸುತ್ತೇನೆ ಎಂದಿದ್ದೇನೆ.