ದಿನಕ್ಕೆ 8 ರೂಪಾಯಿ

ಶಿರಸಿ ಕಡೆ ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ಮೊಮ್ಮಗಳನ್ನು ಅಂಗನವಾಡಿಗೆ ಬಿಡಲು ಹೋದಾಗ ಅಕ್ಕೋರು ಸೋರುವ ಮೂಲೆಗೆ ಬಕೆಟ್ ಇಟ್ಟು ಚಾಪೆ ಈಚೆಗೆ ಎಳೆಯುತ್ತಿದ್ದರು. ಸಹಾಯಕಿ ರಜೆ. ಒಲೆ ಮೇಲೆ ಅನ್ನ ಕುದಿಯುತ್ತಿತ್ತು.

ಮಗುವಿನ ಪೌಷ್ಟಿಕ ಆಹಾರಕ್ಕೆ 2017ರಲ್ಲಿ ನಿಗದಿಯಾದದ್ದು ದಿನಕ್ಕೆ 8 ರೂಪಾಯಿ. ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಅಷ್ಟರಲ್ಲಿ ಬೆಳೆಯುವ ಮಗುವಿನ ಹೊಟ್ಟೆ ತುಂಬಬೇಕು ಅಂದರೆ ಹೇಗೆ?

ಅಕ್ಕೋರಿಗೆ ಸಿಗುವುದನ್ನು ಸಂಬಳ ಅನ್ನುವುದೂ ಇಲ್ಲ, ಗೌರವಧನ. 2018ರಲ್ಲಿ ಕೇಂದ್ರ ಅದನ್ನು ತಿಂಗಳಿಗೆ 4,500 ರೂಪಾಯಿ ಮಾಡಿತು; ಅದರ ಮೇಲೆ ರಾಜ್ಯ ಸೇರಿಸುತ್ತದೆ. ಅಂಗನವಾಡಿ 1975ರಲ್ಲಿ ಶುರುವಾದ ಕೆಲಸ. ಇನ್ನೂ ಇವರನ್ನು ನೌಕರರು ಅಂತ ಒಪ್ಪಿಲ್ಲ. ನನಗೆ ಜಾಸ್ತಿ ನೋವಾಗುವುದು ಇದಕ್ಕೇ.

ಮಧ್ಯಾಹ್ನ ಹೋದಾಗ ಮೊಮ್ಮಗಳು ಅಕ್ಕೋರ ಸೆರಗು ಹಿಡಿದು ನಿಂತಿದ್ದಳು. ಬಕೆಟ್ ತುಂಬಿತ್ತು.