ಬೂಷ್ಟಿಗೆ ಲಸಿಕೆ ಯಾವಾಗ ಬರುತ್ತದೆ ಎಂದು ಕೇಳುವವರಿಗೆ

ಶಿಲೀಂಧ್ರಗಳಿಂದ ಬರುವ ಸೋಂಕುಗಳನ್ನು ದೇಹ ಹೇಗೆ ಎದುರಿಸುತ್ತದೆ ಎಂಬುದನ್ನು ಅಭ್ಯಾಸ ಮಾಡುವುದು ನನ್ನ ಕೆಲಸ. ವರ್ಷಕ್ಕೆ ಎರಡು ಸಲ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನಮ್ಮ ಊರಿಗೆ ಹೋದಾಗ, ಚಹಾ ಕೈಗೆ ಬರುವ ಮೊದಲೇ ಯಾರಾದರೊಬ್ಬರು ಬೂಷ್ಟಿಗೆ ಲಸಿಕೆ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ. ಮೊದಲ ನಾಲ್ಕೈದು ವರ್ಷ ನಕ್ಕು ಉತ್ತರಿಸಿದೆ. ಈಗ ಬರೆದಿಡುತ್ತಿದ್ದೇನೆ. ಮುಂದಿನ ಸಲ ಕೇಳಿದವರ ಮೊಬೈಲಿಗೆ ಇದನ್ನು ಕಳಿಸಿ, ಚಹಾ ಆರುವ ಮೊದಲು ಕುಡಿಯುವ ಉದ್ದೇಶವಿದೆ.

ಚಿಕ್ಕ ಉತ್ತರ ಇಷ್ಟೇ: ಮನುಷ್ಯರಿಗೆ ಕೊಡಲು ಒಪ್ಪಿಗೆ ಪಡೆದ ಶಿಲೀಂಧ್ರ ಲಸಿಕೆ ಈ ಹೊತ್ತಿಗೆ ಜಗತ್ತಿನಲ್ಲಿ ಒಂದೂ ಇಲ್ಲ.

ಇಷ್ಟಕ್ಕೆ ಯಾರೂ ಬಿಡುವುದಿಲ್ಲ. ಹೋದ ವರ್ಷ ತಂಗಿಯ ಕುಬಸದ ದಿನ, ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಹೋಳಿಗೆ ಬಿದ್ದ ಗಳಿಗೆಯಲ್ಲೇ, ಎದುರು ಸಾಲಿನಿಂದ ನಮ್ಮ ಸೋದರಮಾವ ಇಡೀ ಪಂಕ್ತಿಗೆ ಕೇಳುವಂತೆ ಎತ್ತಿದ ದನಿಯಲ್ಲಿ ಕೇಳಿದರು: "ಅಲ್ಲವಾ, ಕರೋನಾಕ್ಕ ಒಂದ ವರ್ಷದಾಗ ಸೂಜಿ ಬಂತು. ನೀ ಹನ್ನೆರಡು ವರ್ಷದಿಂದ ಬೂಷ್ಟ ನೋಡಕೋತ ಕುಂತೀದಿ, ಒಂದ ಸೂಜಿ ತರಾಕ ಆಗಲಿಲ್ಲೇನು?" ಪಂಕ್ತಿ ನಕ್ಕಿತು. ನಾನೂ ನಕ್ಕೆ, ಆದರೆ ಹೋಳಿಗೆ ರುಚಿಸಲಿಲ್ಲ. ನನ್ನನ್ನು ಚುಚ್ಚಿದ್ದು ಪ್ರಶ್ನೆಯಲ್ಲ, "ನೋಡಕೋತ ಕುಂತೀದಿ" ಎಂಬ ಮಾತು. ಅದೇ ಮಾವ ಪ್ರತಿ ವರ್ಷ ದ್ರಾಕ್ಷಿ ತೋಟಕ್ಕೆ ಬೂದಿ ರೋಗ ಬಾರದಂತೆ ವಾರ ವಾರ ಎಣ್ಣಿ ಹೊಡೆಯುತ್ತಾರೆ, ಆದರೂ ರೋಗ ಬರುತ್ತದೆ. ಹಾಗೆಂದು ಅವರು ಸುಮ್ಮನೆ ಕುಳಿತಿದ್ದಾರೆ ಎಂದು ನಾನು ಯಾವತ್ತೂ ಅಂದಿಲ್ಲ.

ಮಾವನ ಹೋಲಿಕೆಯಲ್ಲೇ ಉತ್ತರವಿದೆ. ಕರೋನಾ ವೈರಸ್ಸಿನ ಇಡೀ ವಂಶಲಿಪಿ ಸುಮಾರು 30,000 ಅಕ್ಷರಗಳದ್ದು, ಮತ್ತು ಅದರ ಮೈಮೇಲಿನ ಮುಳ್ಳಿನಂಥ ಒಂದು ಪ್ರೋಟೀನನ್ನು ದೇಹಕ್ಕೆ ಗುರುತು ಮಾಡಿಸಿದರೆ ಬಹಳಷ್ಟು ಕೆಲಸ ಮುಗಿಯುತ್ತಿತ್ತು. ಶ್ವಾಸಕೋಶಕ್ಕೆ ತೊಂದರೆ ಕೊಡುವ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಶಿಲೀಂಧ್ರದ್ದು ಸುಮಾರು 3 ಕೋಟಿ ಅಕ್ಷರ. ಗಾಳಿಯಲ್ಲಿ ಬೀಜಕಣವಾಗಿರುವಾಗ ಅದಕ್ಕೊಂದು ಹೊರಮೈ, ಶ್ವಾಸಕೋಶದಲ್ಲಿ ಎಳೆಯಾಗಿ ಬೆಳೆಯುವಾಗ ಇನ್ನೊಂದು. ಇದರ ಮೇಲೆ ಬಂಧುತ್ವದ ತೊಡಕು ಬೇರೆ: ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರದ ಸಂಬಂಧಿಗಳು. ಅವುಗಳ ಜೀವಕೋಶದ ಒಳಗಿನ ಯಂತ್ರಾಂಗ ಬಹುಮಟ್ಟಿಗೆ ನಮ್ಮದರಂತೆಯೇ ಇರುವುದರಿಂದ, ಅವುಗಳನ್ನು ಕೊಲ್ಲುವ ಔಷಧ ನಮ್ಮನ್ನೂ ತಟ್ಟುತ್ತದೆ. ಆಂಫೋಟೆರಿಸಿನ್ ಎಂಬ ಶಿಲೀಂಧ್ರದ ಔಷಧ ಕೊಟ್ಟ ರೋಗಿಯ ಮೂತ್ರಪಿಂಡದ ಮೇಲೆ ವೈದ್ಯರು ಕಣ್ಣಿಟ್ಟಿರಬೇಕಾಗುವುದು ಇದೇ ಕಾರಣಕ್ಕೆ.

ಪ್ರಯತ್ನಗಳು ಆಗಿಲ್ಲವೆಂದೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ, ಅರಿಝೋನಾಗಳ ಒಣನೆಲದ ಧೂಳಿನಿಂದ ಬರುವ ಕಣಿವೆ ಜ್ವರಕ್ಕೆ 1980ರ ದಶಕದಲ್ಲಿ ಸತ್ತ ಶಿಲೀಂಧ್ರದಿಂದ ತಯಾರಿಸಿದ ಲಸಿಕೆಯೊಂದನ್ನು ಸುಮಾರು ಮೂರು ಸಾವಿರ ಜನರ ಮೇಲೆ ಪರೀಕ್ಷಿಸಿದರು. ಚುಚ್ಚಿದ ಜಾಗ ಬಾತುಕೊಳ್ಳುತ್ತಿದ್ದುದರಿಂದ ಪ್ರಮಾಣವನ್ನು ಇಳಿಸಬೇಕಾಯಿತು, ಇಳಿಸಿದ ಪ್ರಮಾಣ ರಕ್ಷಣೆ ಕೊಡಲಿಲ್ಲ. ಎನ್‌ಡಿವಿ-3ಎ ಎಂಬ ಇತ್ತೀಚಿನ ಲಸಿಕೆಯನ್ನು, ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಮತ್ತೆ ಮತ್ತೆ ಮರುಕಳಿಸುವ ಹೆಂಗಸರಿಗೆ ಕೊಟ್ಟು ನೋಡಿದಾಗ 40 ವರ್ಷದೊಳಗಿನವರಲ್ಲಿ ಪ್ರಯೋಜನ ಕಂಡಿತು. ನಮ್ಮ ಕ್ಷೇತ್ರದಲ್ಲಿ ಮನುಷ್ಯರ ಮೇಲೆ ಸಿಕ್ಕ ಒಳ್ಳೆಯ ಸುದ್ದಿಗಳಲ್ಲಿ ಅದೊಂದು. ಆದರೆ ಆ ಸೋಂಕು ದೇಹದ ಯಾವ ಭಾಗದ್ದು ಎಂಬುದನ್ನು ಕುಬಸದ ಪಂಕ್ತಿಯಲ್ಲಿ ಗಂಡಸರ ಎದುರು ಹೇಳುವ ಧೈರ್ಯ ನನಗಿರಲಿಲ್ಲವಾದ್ದರಿಂದ, ಇದ್ದ ಒಂದು ಸಮರ್ಥನೆಯೂ ಬಾಯಲ್ಲೇ ಉಳಿಯಿತು.

"ಯಾವಾಗ" ಎಂದು ಕೇಳುವವರು "ಯಾರಿಗೆ" ಎಂದು ಕೇಳಿದ್ದರೆ ನಾನು ಊಟ ಬಿಟ್ಟು ಹೇಳುತ್ತಿದ್ದೆ. ನಾವೆಲ್ಲರೂ ದಿನವೂ ಶಿಲೀಂಧ್ರದ ಬೀಜಕಣಗಳನ್ನು ಉಸಿರಾಡುತ್ತೇವೆ, ಆದರೂ ಏನೂ ಆಗುವುದಿಲ್ಲ. ಮೈಯ ಬಿಸಿಯೇ ಒಂದು ಬೇಲಿ: ಉಷ್ಣತೆ 30ರಿಂದ 40 ಡಿಗ್ರಿಯವರೆಗೆ ಏರುವಾಗ ಒಂದೊಂದು ಡಿಗ್ರಿಗೂ ನೂರಕ್ಕೆ ಆರರಷ್ಟು ತಳಿಗಳು ಬೆಳೆಯಲಾರದೆ ಬಿದ್ದುಹೋಗುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಬೇಲಿ ದಾಟಿದವನ್ನು ಬಿಳಿ ರಕ್ತಕಣಗಳು ಮುಗಿಸುತ್ತವೆ. ಹಾಗಾದರೆ ಸಾಯುವವರು ಯಾರು? 2021ರ ಮೇ ತಿಂಗಳಲ್ಲಿ ಎಲ್ಲರೂ ನೋಡಿದೆವು. ಆಗ ಕಪ್ಪು ಶಿಲೀಂಧ್ರ ಎಂದು ಹೆಸರಾದ ಮ್ಯೂಕರ್ ಬಳಗದ ಶಿಲೀಂಧ್ರ ಸ್ವತಃ ಕಪ್ಪಲ್ಲ. ಅದು ರಕ್ತನಾಳಕ್ಕೆ ನುಗ್ಗಿ ಹರಿವನ್ನು ಕಟ್ಟುತ್ತದೆ, ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಅದು ಹಿಡಿದದ್ದು ಹೆಚ್ಚಾಗಿ ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರನ್ನು, ಅದರಲ್ಲೂ ಸ್ಟೀರಾಯ್ಡ್ ತೆಗೆದುಕೊಂಡವರನ್ನು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರಿನವರು, ಎಚ್‌ಐವಿ ಇರುವವರು ಇಂಥ ಬೇರೆ ಬೇರೆ ಶಿಲೀಂಧ್ರಗಳಿಗೆ ಸಿಗುತ್ತಾರೆ.

ತೊಡಕು ಕಾಣಿಸಿತೆ? ಲಸಿಕೆ ಎಂದರೆ ದೇಹದ ಸೈನ್ಯಕ್ಕೆ ಕೊಡುವ ತಾಲೀಮು. ಯಾರ ಸೈನ್ಯ ಚದುರಿದೆಯೋ ಅವರಿಗೇ ಈ ಲಸಿಕೆ ಬೇಕಾಗಿದೆ. ಶಿಲೀಂಧ್ರಗಳ ವಿರುದ್ಧ ಮುಂದಾಳುತನ ವಹಿಸುವುದು ಬಿಳಿ ರಕ್ತಕಣಗಳಲ್ಲೇ ಒಂದು ಬಗೆಯಾದ, ಸಿಡಿ4 ಎಂಬ ಟಿ ಕೋಶಗಳು. ಎಚ್‌ಐವಿ ಮೊದಲು ಕೊಲ್ಲುವುದೂ ಅವುಗಳನ್ನೇ. ಆದರೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಸಿಡಿ4 ಕೋಶಗಳನ್ನು ತೆಗೆದುಹಾಕಿದ ಇಲಿಗಳಿಗೆ, ರೋಗ ತರದಂತೆ ದುರ್ಬಲಗೊಳಿಸಿದ ಜೀವಂತ ಶಿಲೀಂಧ್ರವನ್ನು ಚುಚ್ಚಿ ನೋಡಿದಾಗ, ಮುಖ್ಯವಾಗಿ ವೈರಸ್ಸಿನ ಕೆಲಸಕ್ಕೆ ಹೆಸರಾದ ಸಿಡಿ8 ಎಂಬ ಇನ್ನೊಂದು ಬಗೆಯ ಕೋಶಗಳು ಆ ಜಾಗಕ್ಕೆ ಬಂದು ನಿಂತು ಇಲಿಗಳನ್ನು ಕಾಪಾಡಿದವು. ಮನೆಯ ಹಿರಿಯ ಹೋದ ಮೇಲೆ, ಯಾವತ್ತೂ ಹೊಲದ ಕಡೆ ಹೋಗದ ತಮ್ಮ ಬಂದು ಕೂರಿಗೆ ಹಿಡಿದಂತೆ. ಆ ತಮ್ಮನನ್ನು ಎಷ್ಟು ದಿನ ಹೊಲದಲ್ಲಿ ನಿಲ್ಲಿಸಬಹುದು, ಆ ದುರ್ಬಲ ಶಿಲೀಂಧ್ರವೇ ಸೋತ ದೇಹದಲ್ಲಿ ತಿರುಗಿ ಬೀಳದಂತೆ ಹೇಗೆ ನೋಡಿಕೊಳ್ಳಬಹುದು ಎಂಬ ಜಾಡಿನಲ್ಲಿಯೇ ನನ್ನ ಹನ್ನೆರಡು ವರ್ಷಗಳೂ ಹೋಗಿವೆ, ಮಾವನಿಗೆ ತಿಳಿದಿರಲಿ.

ಊಟವಾದ ಮೇಲೆ ಮಾವ ಸೊಂಟದ ಗಜಕರ್ಣ ತೋರಿಸಿ ಏನು ಹಚ್ಚಬೇಕೆಂದು ಕೇಳಿದರು. ನಾನು ಆ ಡಾಕ್ಟರ್ ಅಲ್ಲ ಎಂದೆ, ಅವರಿಗೆ ಅದರಿಂದ ಹೊಸ ನಿರಾಸೆಯೇನೂ ಆದಂತೆ ಕಾಣಲಿಲ್ಲ. ಎರಡು ವರ್ಷದಿಂದ ಹೋಗಿ ಬಂದು ಮಾಡುತ್ತಿದೆಯಂತೆ.

ಸಂಜೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತಿ, ಯಾರೂ ಇಲ್ಲದ್ದನ್ನು ನೋಡಿಕೊಂಡು, ಮೆಲ್ಲಗೆ ಕೇಳಿದರು: "ನಮ್ಮ ಕರಕ್ಕೂ ಗಜಕರ್ಣ ಆಗಿತ್ತು, ತಾನ ಮಾಯ್ತು. ಮುಂದ ಬಾಜೂಕ ಕಟ್ಟಿದ ಕರಕ್ಕ ಆತು, ಇದಕ್ಕ ಮತ್ತ ಬರಲೇ ಇಲ್ಲ. ಅದ್ಯಾಕವಾ?"

ಹನ್ನೆರಡು ವರ್ಷದಲ್ಲಿ ಊರಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನು ಅಲ್ಲಿಯೇ ಒಗೆಯುವ ಕಲ್ಲಿನ ಮೇಲೆ ಕುಳಿತು ಹೇಳಿದೆ: ಒಮ್ಮೆ ಗಜಕರ್ಣದಿಂದ ಗುಣವಾದ ಕರುವಿನ ಮೈ ಆ ಶಿಲೀಂಧ್ರವನ್ನು ನೆನಪಿಟ್ಟುಕೊಳ್ಳುತ್ತದೆ, ಸೋವಿಯತ್ ರಷ್ಯಾದವರು ಇದನ್ನೇ ಹಿಡಿದು 1970ರ ದಶಕದಲ್ಲಿ ದನಗಳಿಗೆ ಜೀವಂತ ಲಸಿಕೆ ಮಾಡಿದರು, ನಾರ್ವೆ ದೇಶದಲ್ಲಿ ಅದನ್ನು ಹಾಕಿಸಿ ದನಗಳ ಗಜಕರ್ಣವನ್ನು ಬಹಳ ಮಟ್ಟಿಗೆ ಇಳಿಸಿದರು. ಮನುಷ್ಯರಿಗಿಲ್ಲದ್ದು ದನಕ್ಕಿದೆ ಎಂದಾಗ ಅತ್ತಿ ನಕ್ಕರು, ಆಮೇಲೆ ನಗು ನಿಲ್ಲಿಸಿ ಕೇಳಿದರು: "ಹಂಗಾರ ನಿಮ್ಮ ಮಾಮಾಗ ಯಾಕ ಹೋಗಿ ಬಂದು ಮಾಡತದ?"

ಇದು ಮೊದಲಿನದಕ್ಕಿಂತ ಚುರುಕಾದ ಪ್ರಶ್ನೆ. ದನದ ಶಿಲೀಂಧ್ರ ಹಿಡಿದಲ್ಲಿ ಚರ್ಮ ಕೆರಳಿ ಕೆಂಪಾಗುತ್ತದೆ, ದೇಹ ಎಚ್ಚರಗೊಂಡು ಹೋರಾಡಿ ಪಾಠ ಕಲಿಯುತ್ತದೆ. ಮನುಷ್ಯರ ಮೈಗೆ ಒಗ್ಗಿದ ಜಾತಿಗಳು ಅಷ್ಟು ಗದ್ದಲ ಮಾಡದೆ ಕೂರುವುದರಿಂದ ದೇಹ ಅರ್ಧ ಎಚ್ಚರದಲ್ಲೇ ಇರುತ್ತದೆ. ಔಷಧ ಅಂಗಡಿಯವರು ಚೀಟಿಯಿಲ್ಲದೆ ಕೊಡುವ ಎಷ್ಟೋ ಟ್ಯೂಬುಗಳಲ್ಲಿ ಶಿಲೀಂಧ್ರದ ಔಷಧದ ಜೊತೆಗೆ ಸ್ಟೀರಾಯ್ಡ್ ಕೂಡ ಇರುತ್ತದೆ; ಅದು ಎರಡೇ ದಿನದಲ್ಲಿ ತುರಿಕೆ ನಿಲ್ಲಿಸಿ, ಅರ್ಧ ಎಚ್ಚರದಲ್ಲಿದ್ದ ಸೈನ್ಯವನ್ನು ಪೂರ್ತಿ ಮಲಗಿಸುತ್ತದೆ.

ಅತ್ತಿ ಕೈ ಒರೆಸಿಕೊಂಡು ಒಳಗೆ ಹೋದರು. ಗೋಡೆಯ ಮಾಡದಲ್ಲಿದ್ದ, ಬುಡದಿಂದ ಸುತ್ತಿ ಸುತ್ತಿ ಅರ್ಧವಾಗಿದ್ದ ಟ್ಯೂಬನ್ನು ತಂದು, ಸಣ್ಣ ಅಕ್ಷರ ಓದು ಎಂದು ನನ್ನ ಕೈಗಿಟ್ಟರು. ಮೊಬೈಲಿನ ಬೆಳಕು ಹಿಡಿದು ಓದಿದೆ. ಕ್ಲೋಬೆಟಸಾಲ್ ಎಂಬ ಸ್ಟೀರಾಯ್ಡಿನ ಹೆಸರು ಮೊದಲ ಸಾಲಿನಲ್ಲೇ ಇತ್ತು.